ಹೊಟೇಲಿನ ಗೋಡೆಗೆ ತಿಳಿ ಬಣ್ಣವೋ, ಗಾಢ ಬಣ್ಣವೋ?

ಮಳೆಗಾಲ ಮುಗಿದು ದಸರಾ, ದೀಪಾವಳಿ ಹತ್ತಿರ ಬಂತೆಂದರೆ ಮುಂಬಯಿ, ಪುಣೆ ಕಡೆಯ ನಮ್ಮ ಹೊಟೇಲುಗಳಲ್ಲಿ ಬಣ್ಣದ ಮಾತು ಶುರುವಾಗುತ್ತದೆ. ಹಿಂದೆ ಇದಕ್ಕೆ ಚರ್ಚೆಯೇ ಇರಲಿಲ್ಲ. ಕೆಳಗೆ ನಾಲ್ಕು ಅಡಿ ಟೈಲ್ಸ್, ಮೇಲೆ ಕ್ರೀಮ್ ಬಣ್ಣ, ಅಲ್ಲಿಗೆ ಮುಗಿಯಿತು. ಈಗ ಮಕ್ಕಳು ವ್ಯವಹಾರಕ್ಕೆ ಬಂದಿದ್ದಾರೆ. ತಂದೆ ಕ್ರೀಮ್ ಎಂದರೆ ಮಗ ಮರೂನ್ ಎನ್ನುತ್ತಾನೆ. ನಮ್ಮ ಅಭಿಪ್ರಾಯದಲ್ಲಿ ಇದು ಯಾರಿಗೆ ಯಾವುದು ಇಷ್ಟ ಎಂಬ ಪ್ರಶ್ನೆಯಲ್ಲ. ಹಾಲ್‌ನ ಬೆಳಕು, ತಟ್ಟೆಯ ತಿಂಡಿ, ಬಾಗಿಲು ಮುಚ್ಚಬೇಕಾದ ದಿನಗಳು, ಈ ಮೂರನ್ನು ನೋಡಿ ನಿರ್ಧರಿಸಬೇಕು.

ಬೆಳಕು: ಗೋಡೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಎಷ್ಟನ್ನು ಹಿಂದಕ್ಕೆ ಕೊಡುತ್ತದೆ ಎಂಬುದನ್ನು 0ಯಿಂದ 100ರವರೆಗಿನ ಅಂಕಿಯಲ್ಲಿ ಹೇಳುವ ಕ್ರಮವಿದೆ. ತಿಳಿ ಕ್ರೀಮ್, ಆಫ್‌ವೈಟ್ ಸಾಮಾನ್ಯವಾಗಿ 70ಕ್ಕಿಂತ ಮೇಲಿರುತ್ತವೆ. ಕಡು ಮರೂನ್, ಕಡುನೀಲಿ 10ರ ಆಸುಪಾಸು. ಕಿಟಕಿಯಿಲ್ಲದ ಸಣ್ಣ ಹಾಲ್‌ಗೆ ನಾಲ್ಕೂ ಕಡೆ ಗಾಢ ಬಣ್ಣ ಬಳಿದರೆ ಜಾಗ ಇಕ್ಕಟ್ಟಾಗಿ ಕಾಣುತ್ತದೆ, ಲೈಟುಗಳನ್ನೂ ಹೆಚ್ಚಿಸಬೇಕಾಗುತ್ತದೆ.

ತಟ್ಟೆ: ಇದನ್ನು ಹೆಚ್ಚಿನವರು ಗಮನಿಸುವುದಿಲ್ಲ. ನಮ್ಮ ಇಡ್ಲಿ, ಅನ್ನ, ಮೊಸರು, ತೆಂಗಿನಕಾಯಿ ಚಟ್ನಿ ಎಲ್ಲವೂ ಬಿಳಿ. ಗೋಡೆಯ ಬಣ್ಣದ ಛಾಯೆ ಬಿಳಿ ಪದಾರ್ಥದ ಮೇಲೆ ಬೇಗ ಕಾಣಿಸುತ್ತದೆ. ಎದ್ದು ಕಾಣುವ ಹಸಿರು ಗೋಡೆಯ ಪಕ್ಕದ ಟೇಬಲಿನಲ್ಲಿ ಬಿಸಿ ಇಡ್ಲಿಯೂ ಹಳಸಿದಂತೆ ತೋರೀತು. ಕ್ರೀಮ್, ತಿಳಿಹಳದಿ, ಮಣ್ಣಿನ ಬಣ್ಣಗಳಲ್ಲಿ ಈ ತೊಂದರೆ ಕಡಿಮೆ. ದೋಸೆಯ ಕೆಂಬಣ್ಣವೂ ಚೆನ್ನಾಗಿ ಕಾಣುತ್ತದೆ.

ಖರ್ಚು: ಗಾಢ ಬಣ್ಣ, ಅದರಲ್ಲೂ ಕೆಂಪು ಮತ್ತು ಹಳದಿ, ಎರಡು ಕೋಟಿಗೆ ಸರಿಯಾಗಿ ಮುಚ್ಚುವುದಿಲ್ಲ; ಮೂರು, ಕೆಲವೊಮ್ಮೆ ನಾಲ್ಕು ಬೇಕು. ಮುಂದೆ ಬೇಡವೆಂದು ತಿಳಿ ಬಣ್ಣಕ್ಕೆ ಮರಳುವಾಗ ಪ್ರೈಮರ್‌ನಿಂದಲೇ ಆರಂಭಿಸಬೇಕು. ಕುರ್ಚಿ ಉಜ್ಜಿದ ಗೆರೆ, ಒರೆಸಿದ ಗುರುತು ಗಾಢ ಗೋಡೆಯಲ್ಲಿ ಎದ್ದು ಕಾಣುತ್ತವೆ. ಬಣ್ಣದ ಬೆಲೆಗಿಂತ ಹೆಚ್ಚಿನ ನಷ್ಟ ಬಾಗಿಲು ಮುಚ್ಚಿದ ದಿನಗಳದು. ಆ ದಿನಗಳಿಗೂ ಬಾಡಿಗೆ, ಸಂಬಳ ತಪ್ಪುವುದಿಲ್ಲ.

ಹಾಗೆಂದು ಗಾಢ ಬಣ್ಣ ಬೇಡವೇ ಬೇಡ ಎಂದಲ್ಲ. ಮೂರು ಗೋಡೆ ತಿಳಿಯಾಗಿಟ್ಟು, ಗಲ್ಲಾದ ಹಿಂದಿನದೋ ಬಾಗಿಲಿನಿಂದ ನೇರ ಕಾಣುವುದೋ ಒಂದು ಗೋಡೆಗೆ ಮಾತ್ರ ಮರೂನ್ ಅಥವಾ ಇಟ್ಟಿಗೆ ಕೆಂಪು ಕೊಟ್ಟರೆ ಹೊಟೇಲಿಗೆ ಒಂದು ಗುರುತು ಬರುತ್ತದೆ. ಬೇಸರವಾದರೆ ಆ ಒಂದೇ ಗೋಡೆ ಬದಲಿಸಿದರೆ ಸಾಕು. ರಾತ್ರಿ ಊಟಕ್ಕೆ ನಿಧಾನವಾಗಿ ಕುಳಿತುಕೊಳ್ಳುವ ಫ್ಯಾಮಿಲಿ ರೂಮಿಗೆ, ಬಾರ್ ವಿಭಾಗಕ್ಕೆ ಗಾಢ ಬಣ್ಣ ಹೆಚ್ಚು ಒಪ್ಪುತ್ತದೆ. ಬೆಳಗ್ಗಿನ ತಿಂಡಿ, ಚಹಾದ ಗದ್ದಲವಿರುವಲ್ಲಿ ತಿಳಿ ಬಣ್ಣವೇ ಲೇಸು.

ಅಡಿಗೆ ಕೋಣೆಗೆ ಮಾತ್ರ ಈ ಆಯ್ಕೆಯೇ ಇಲ್ಲ. 2011ರ ಆಹಾರ ಸುರಕ್ಷತಾ ಲೈಸೆನ್ಸ್ ನಿಯಮಗಳ ಪ್ರಕಾರ ಗೋಡೆ ನುಣುಪಾಗಿ, ಸುಲಭವಾಗಿ ಸ್ವಚ್ಛ ಮಾಡುವಂತಿರಬೇಕು. ಬಣ್ಣ, ಗಿಲಾವು ಉದುರಬಾರದು. ಕೊಳೆ ಕೂಡಲೇ ಕಣ್ಣಿಗೆ ಬೀಳುವ ತಿಳಿ ಬಣ್ಣದ ಟೈಲ್ಸ್ ಅಲ್ಲಿಗೆ ಉತ್ತಮ.

ಶೇಡ್ ಕಾರ್ಡ್‌ನ ಸಣ್ಣ ಚೌಕ ನೋಡಿ ಆರ್ಡರ್ ಕೊಡಬೇಡಿ. ಸಣ್ಣ ಡಬ್ಬಿ ತರಿಸಿ ಗೋಡೆಯ ಮೇಲೆ ಎರಡಡಿ ಚೌಕಕ್ಕೆ ಎರಡು ಕೋಟು ಬಳಿಸಿ, ಬೆಳಗ್ಗೆ ಒಮ್ಮೆ, ರಾತ್ರಿ ನಿಮ್ಮದೇ ಲೈಟಿನಲ್ಲಿ ಒಮ್ಮೆ ನೋಡಿ. 6500 ಕೆಲ್ವಿನ್‌ನ ಬಿಳಿ ಎಲ್‌ಇಡಿಯಲ್ಲಿ ಕಾಣುವ ಬಣ್ಣವೇ 3000ದ ಹಳದಿ ಬೆಳಕಿನಲ್ಲಿ ಬೇರೆಯಾಗಿ ಕಾಣುತ್ತದೆ. ಒಂದು ಪ್ಲೇಟ್ ಇಡ್ಲಿಯನ್ನೂ ಪಕ್ಕದಲ್ಲಿಟ್ಟು ನೋಡಿ. ಗೋಡೆಯಲ್ಲಿ ಮಳೆಯ ತೇವ ಇದ್ದರೆ ಪೂರ್ತಿ ಆರುವವರೆಗೆ ಕಾಯಿರಿ; ಇಲ್ಲವಾದರೆ ಯಾವ ಬಣ್ಣವಾದರೂ ಎದ್ದು ಬರುತ್ತದೆ. ಕೆಲಸ ಮುಗಿದ ಮೇಲೆ ಶೇಡ್ ನಂಬರ್ ಬರೆದಿಟ್ಟುಕೊಂಡು, ಒಂದು ಲೀಟರ್ ಬಣ್ಣವನ್ನು ಉಳಿಸಿಡಿ. ಮುಂದೆ ಕಲೆ ಮುಚ್ಚಲು ಬೇಕಾಗುತ್ತದೆ.