ವಡೆಗೆ ವಡೆ ಅಂಟಿಸುವ ಬೀಜಗಣಿತ

ದ್ವಿತೀಯ ಪಿಯುಸಿಯಲ್ಲಿ ಮಾತೃಕೆಗಳ ಪಾಠ ಬಂದಾಗ ಮಕ್ಕಳು ಕೇಳುವ ಪ್ರಶ್ನೆ ಒಂದೇ: ಸಂಖ್ಯೆಗಳನ್ನು ಸಾಲಾಗಿ ನಿಲ್ಲಿಸಿ ಇಷ್ಟು ವಿಚಿತ್ರವಾಗಿ ಗುಣಿಸುವುದೇಕೆ? ಸಿಇಟಿಗೆ ಬೇಕು ಎಂಬ ಉತ್ತರದಿಂದ ತಂದೆತಾಯಿಯರಿಗೆ ಸಮಾಧಾನವಾಗಬಹುದು. ಮಕ್ಕಳಿಗೆ ಆಗುವುದಿಲ್ಲ, ಆಗಲೂಬಾರದು. ಇದಕ್ಕಿಂತ ಒಳ್ಳೆಯ ಉತ್ತರ ಜಯನಗರದ ಯಾವುದೇ ದರ್ಶಿನಿಯಲ್ಲಿ ಉದ್ದಿನ ವಡೆಯ ರೂಪದಲ್ಲಿ ಸಿಗುತ್ತದೆ.

ವಡೆ ಮೂರು ಆಯಾಮದ ಘನವಸ್ತು. ಅದರ ಮೇಲ್ಮೈ ಎರಡು ಆಯಾಮದ್ದು. ಆ ಮೇಲ್ಮೈ ಮೇಲೆ ದಾರವನ್ನು ಎರಡು ಬಗೆಯಲ್ಲಿ ಸುತ್ತಬಹುದು: ತೂತಿನ ಸುತ್ತ ಬಳೆಯಂತೆ, ಇಲ್ಲವೇ ತೂತಿನೊಳಗೆ ನುಸುಳಿ ಹೊರಗಿನಿಂದ ಬಂದು ಸೇರುವಂತೆ. ನುಸುಳು ದಾರವನ್ನು ತಿರುಳಿನ ಮೂಲಕ ಬಿಗಿಯುತ್ತ ಹೋದರೆ ಅದು ಬಿಂದುವಾಗುತ್ತದೆ. ಬಳೆ ದಾರ ಹಾಗಲ್ಲ. ವಡೆಯೊಳಗೆ ಅದನ್ನು ಕುಗ್ಗಿಸಲಾಗದು.

ಈಗ ಎರಡು ವಡೆಗಳ ಮೇಲ್ಮೈಗಳನ್ನು ಒಂದು ಬಿಂದುವೂ ಬಿಡದಂತೆ ಅಂಟಿಸಬೇಕು. ಕೈಯಿಂದ ಆಗದ ಕೆಲಸ. ಆದರೆ ಗಣಿತದಲ್ಲಿ 'ಇದರ ಈ ಬಿಂದು ಅದರ ಆ ಬಿಂದುವೇ' ಎಂದು ಗೊತ್ತುಮಾಡಿದರೆ ಸಾಕು. ಬಳೆಗೆ ಬಳೆಯೇ ಕೂಡುವಂತೆ ಅಂಟಿಸಿದರೆ ಬಳೆ ಎಂದಿಗೂ ಕುಗ್ಗದ ಒಂದು ಜಗತ್ತು ಸಿಗುತ್ತದೆ. ಬಳೆಗೆ ನುಸುಳು ದಾರ ಕೂಡುವಂತೆ ಅದಲುಬದಲಾಗಿ ಅಂಟಿಸಿದರೆ, ಒಂದರ ಬಳೆ ಇನ್ನೊಂದರ ತಿರುಳಿನಲ್ಲಿ ಕುಗ್ಗಿಬಿಡುತ್ತದೆ. ವಡೆಗಳು ಅವೇ, ಜಗತ್ತು ಬೇರೆ.

ಈ ಅಂಟಿಸುವಿಕೆಗೆ 1988ರಲ್ಲಿ ಬ್ರಿಟನ್ನಿನ ಗಣಿತಜ್ಞ ಮೈಕೇಲ್ ಅಟಿಯಾ ನಿಯಮಗಳನ್ನು ಬರೆದರು. ಪ್ರತಿಯೊಂದು ಮೇಲ್ಮೈಗೂ ಸದಿಶಗಳ ಒಂದು ಸಮೂಹ. ಆ ಮೇಲ್ಮೈಯುಳ್ಳ ಘನವಸ್ತುವಿಗೆ ಅದರಲ್ಲೊಂದು ಸದಿಶ. ಎರಡು ಮೇಲ್ಮೈಗಳ ನಡುವಿನ ವಸ್ತುವಿಗೆ ಒಂದು ಮಾತೃಕೆ. ವಸ್ತುಗಳನ್ನು ಅಂಟಿಸುವುದೆಂದರೆ ಮಾತೃಕೆಗಳನ್ನು ಗುಣಿಸುವುದು! ಮರುವರ್ಷ ಅಮೆರಿಕದ ಎಡ್ವರ್ಡ್ ವಿಟ್ಟನ್ ಕ್ವಾಂಟಂ ಭೌತಶಾಸ್ತ್ರದಿಂದ ಇಂಥ ಉದಾಹರಣೆಗಳ ಒಂದು ಮಾಲೆಯನ್ನೇ ಕೊಟ್ಟರು.

ಅದರಲ್ಲಿ ತೀರ ಸರಳವಾದುದನ್ನು ವಿದ್ಯಾರ್ಥಿಗಳು ಕಾಗದದ ಮೇಲೆ ಮಾಡಿ ನೋಡಬಹುದು. ವಡೆಯ ಸದಿಶ (1, 0). ಅದಲುಬದಲಿನ ಮಾತೃಕೆಯ ಮೊದಲ ಅಡ್ಡಸಾಲು 1, 1. ಎರಡನೆಯದು 1, −1. ಎಲ್ಲವನ್ನೂ √2ರಿಂದ ಭಾಗಿಸಬೇಕು. ನೇರವಾಗಿ ಅಂಟಿಸಿದರೆ (1, 0)ಯನ್ನು ಅದರೊಂದಿಗೇ ಗುಣಿಸಿದಂತೆ; ಉತ್ತರ 1. ನಡುವೆ ಮಾತೃಕೆ ಇಟ್ಟು ಗುಣಿಸಿದರೆ 1/√2. ಉತ್ತರ ಬೇರೆಯಾದ್ದರಿಂದ ಜಗತ್ತುಗಳೂ ಬೇರೆ. ದಾರ ಎಳೆದು ನೋಡುವ ಅಗತ್ಯವೇ ಬೀಳಲಿಲ್ಲ. ಮಾತೃಕೆಯನ್ನು ಅದರಿಂದಲೇ ಗುಣಿಸಿದರೆ ತತ್ಸಮ ಮಾತೃಕೆ ಬರುತ್ತದೆ: ಎರಡು ಸಲ ಅದಲುಬದಲು ಮಾಡಿದರೆ ಮೊದಲಿದ್ದಂತೆಯೇ.

ಈ ಸದಿಶಗಳು ಹುಟ್ಟುವ ನೆಲವನ್ನು ಹದಮಾಡಿದವರಲ್ಲಿ ಇಬ್ಬರು ನಮ್ಮ ದೇಶದವರು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿದ್ದ ಎಂ.ಎಸ್. ನರಸಿಂಹನ್ ಮತ್ತು ಸಿ.ಎಸ್. ಶೇಷಾದ್ರಿ 1965ರಲ್ಲಿ ಪ್ರಕಟಿಸಿದ ಪ್ರಮೇಯ, ಮೇಲ್ಮೈಯ ಕುಣಿಕೆಗಳಿಗೆ ಮಾತೃಕೆಗಳನ್ನು ಹೊಂದಿಸುವ ಬಗೆಗಳನ್ನು ಬೀಜಗಣಿತೀಯ ಜ್ಯಾಮಿತಿಯೊಂದಿಗೆ ಬೆಸೆಯಿತು. ಆಗ ವಿಟ್ಟನ್ ಹದಿನಾಲ್ಕರ ಹುಡುಗ. ಮೇಲ್ಮೈಯನ್ನು ಹಿಸುಕಿದಾಗ ಅದರ ಸದಿಶ ಸಮೂಹ ಹೇಗೆ ಬಿಡಿಯಾಗುತ್ತದೆ ಎಂಬುದನ್ನು ಒಂದು ಮುಖ್ಯ ಸಂದರ್ಭದಲ್ಲಿ ನರಸಿಂಹನ್ ಅವರು ಟಿ.ಆರ್. ರಾಮದಾಸ್ ಜೊತೆಗೂಡಿ 1993ರಲ್ಲಿ ಸಾಧಿಸಿದರು. ಕೊನೆಯ ವರ್ಷಗಳಲ್ಲಿ ಬೆಂಗಳೂರಿನಲ್ಲೇ ನೆಲೆಸಿದ್ದ ಅವರು 2021ರ ಮೇ 15ರಂದು ತೀರಿಕೊಂಡರು.

ಮೇಲಿನ ಉದಾಹರಣೆಯಲ್ಲಿ ವಡೆಯ ಮೇಲ್ಮೈಗೆ ಸಲ್ಲುವ ಸಮೂಹದ ಆಯಾಮ 2. ಎರಡು ತೂತಿದ್ದರೆ 4, ಮೂರಿದ್ದರೆ 8. ಮಾಲೆಯ ಮುಂದಿನ ಉದಾಹರಣೆಯಲ್ಲಿ ಒಂದು ತೂತಿಗೆ 3, ಎರಡಕ್ಕೆ ಮಾತ್ರ 9 ಅಲ್ಲ, 10.