'ಕೊಂದರೂ ಸಾಯದ' ಪ್ರೋಗ್ರಾಂ: ಲಿನಕ್ಸ್ ಕಂಡುಕೊಂಡ ಮದ್ದು

ಸರ್ವರ್ ನೋಡಿಕೊಳ್ಳುವ ಎಂಜಿನಿಯರುಗಳಿಗೆ ಚಿರಪರಿಚಿತವಾದ ಪೇಚೊಂದಿದೆ. ಸ್ಥಗಿತಗೊಂಡ ಪ್ರೋಗ್ರಾಂ ನಿಲ್ಲಿಸಲು 'ಕಿಲ್ -9' ಆದೇಶ ನೀಡುತ್ತಾರೆ. ಯಾವ ಪ್ರೋಗ್ರಾಂ ಕೂಡ ತಡೆಯಲಾಗದ, ಕಡೆಗಣಿಸಲಾಗದ ಆದೇಶವದು. ಆದರೂ ಪ್ರೋಗ್ರಾಂ ಕದಲುವುದಿಲ್ಲ. ಕೊನೆಗೆ ಉಳಿಯುವುದು ಯಂತ್ರವನ್ನೇ ರೀಬೂಟ್ ಮಾಡುವ ದಾರಿ. ಆಗ ಅದೇ ಯಂತ್ರದಲ್ಲಿ ಸರಿಯಾಗಿ ನಡೆಯುತ್ತಿದ್ದ ಇತರ ಸೇವೆಗಳೂ ನಿಲ್ಲುತ್ತವೆ.

ಏಕೆ ಹೀಗೆ?

ಪ್ರೋಗ್ರಾಂ ಒಂದು ಕಡತ ಬೇಕೆಂದು ಕೇಳಿದಾಗ, ಅದನ್ನು ಡಿಸ್ಕ್‌ನಿಂದ ತಂದುಕೊಡುವುದು ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್. ತರುವವರೆಗೆ ಅದು ಪ್ರೋಗ್ರಾಂ ಅನ್ನು 'ನಿದ್ರೆ'ಗೆ ಕಳುಹಿಸುತ್ತದೆ. ನಿದ್ರೆಯಲ್ಲಿ ಎರಡು ಬಗೆ. ಒಂದರಲ್ಲಿ ಸಂಕೇತ ಬಂದರೆ ಎಚ್ಚರವಾಗುತ್ತದೆ. ಇನ್ನೊಂದರಲ್ಲಿ ಕಾದ ಕೆಲಸ ಮುಗಿಯುವವರೆಗೂ ಯಾವ ಸಂಕೇತಕ್ಕೂ ಎಚ್ಚರವಿಲ್ಲ. ಪ್ರೋಗ್ರಾಂಗಳ ಪಟ್ಟಿಯಲ್ಲಿ ಇಂಥವುಗಳ ಮುಂದೆ 'ಡಿ' ಎಂಬ ಅಕ್ಷರ ಕಾಣುತ್ತದೆ.

ಈ ಗಾಢನಿದ್ರೆಗೂ ಕಾರಣವುಂಟು. ಡಿಸ್ಕ್‌ನಿಂದ ಓದುವ ಕೆಲಸ ಅರ್ಧಕ್ಕೆ ನಿಲ್ಲುವುದಿಲ್ಲ ಎಂಬುದು ಯುನಿಕ್ಸ್ ಕಾಲದಿಂದ ಬಂದ ನಂಬಿಕೆ. ಅಸಂಖ್ಯ ಪ್ರೋಗ್ರಾಂಗಳು ಆ ನಂಬಿಕೆಯ ಮೇಲೆಯೇ ನಿಂತಿವೆ. ಡಿಸ್ಕ್ ಕೆಲವೇ ಮಿಲಿಸೆಕೆಂಡುಗಳಲ್ಲಿ ಉತ್ತರಿಸುವುದರಿಂದ ತೊಂದರೆಯೂ ಕಾಣಲಿಲ್ಲ. ಆದರೆ ಎನ್‌ಎಫ್‌ಎಸ್ ವ್ಯವಸ್ಥೆಯಲ್ಲಿ ಕಡತಗಳು ದೂರದ ಯಂತ್ರದಲ್ಲಿರುತ್ತವೆ. ಆ ಯಂತ್ರ ಮೌನವಾದರೆ ಕಾಯುವಿಕೆಗೆ ಕೊನೆಯೇ ಇಲ್ಲ.

ಮೂರನೆಯ ನಿದ್ರೆ

ಇದಕ್ಕೆ ಮದ್ದು ಕಂಡದ್ದು 2008ರಲ್ಲಿ. ಮ್ಯಾಥ್ಯೂ ವಿಲ್ಕಾಕ್ಸ್ ಅವರು ರೂಪಿಸಿದ 'ಟಾಸ್ಕ್ ಕಿಲೆಬಲ್' ಎಂಬ ಹೊಸ ಸ್ಥಿತಿ ಲಿನಕ್ಸ್ 2.6.25ನೇ ಆವೃತ್ತಿಯಲ್ಲಿ ಸೇರಿತು. ಇದರ ತರ್ಕ ಸರಳ: ಅರ್ಧಂಬರ್ಧ ಫಲಿತಾಂಶ ಕಂಡು ಪ್ರೋಗ್ರಾಂ ದಾರಿ ತಪ್ಪೀತು ಎಂಬುದಲ್ಲವೇ ಭಯ? ಸಾಯಲಿರುವ ಪ್ರೋಗ್ರಾಂ ಆ ಫಲಿತಾಂಶವನ್ನು ನೋಡುವುದೇ ಇಲ್ಲ. ಆದ್ದರಿಂದ ಮಾರಕ ಸಂಕೇತಕ್ಕೆ ಮಾತ್ರ ಎಚ್ಚರಗೊಂಡು, ಉಳಿದವಕ್ಕೆ ಕಿವುಡಾಗಿದ್ದರೆ ಸಾಕು. ಮೊದಲು ಪ್ರಯೋಜನ ಪಡೆದ ಭಾಗಗಳಲ್ಲಿ ಎನ್‌ಎಫ್‌ಎಸ್ ಒಂದು.

ಹೆಪ್ಪುಗಟ್ಟಿದ ಡಿಸ್ಕ್

ಇಂಥದೇ ಇಕ್ಕಟ್ಟು ಬ್ಯಾಕಪ್ ವೇಳೆಯೂ ಎದುರಾಗುತ್ತದೆ. ಮಾಹಿತಿಯ ಸುಸಂಗತ ಪ್ರತಿ ತೆಗೆಯಲು ಕಡತ ವ್ಯವಸ್ಥೆಯನ್ನು ಕೆಲಕ್ಷಣ 'ಹೆಪ್ಪುಗಟ್ಟಿಸುತ್ತಾರೆ'. ಬಾಕಿ ಬರಹಗಳೆಲ್ಲ ಡಿಸ್ಕ್ ಸೇರುತ್ತವೆ. ಹೊಸದಾಗಿ ಬರೆಯಲು ಬಂದವರು ಸಾಲಿನಲ್ಲಿ ಕಾಯಬೇಕು. ಈ ನಡುವೆ ಬ್ಯಾಕಪ್ ಪ್ರೋಗ್ರಾಂ ತನ್ನ ದಿನಚರಿಯನ್ನು ಅದೇ ಡಿಸ್ಕ್‌ಗೆ ಬರೆಯಹೊರಟರೆ? ಹೆಪ್ಪು ಕರಗಿಸಬೇಕಾದವನೇ ಸಾಲಿನಲ್ಲಿ ಸಿಲುಕುತ್ತಾನೆ! ಕಾಯುವ ಜಾಗದಲ್ಲಿ ಹಳೆಯ ಗಾಢನಿದ್ರೆಯೇ ಇದ್ದರೆ ಅವನನ್ನು ಕೊಲ್ಲುವುದೂ ಅಸಾಧ್ಯ. ಬರಹ ಇನ್ನೂ ಆರಂಭವಾಗಿರುವುದಿಲ್ಲವಾದ್ದರಿಂದ ಅಲ್ಲಿ ಕೊಂದರೆ ಮಾಹಿತಿಗೆ ಹಾನಿಯೂ ಇಲ್ಲ.

ಹಾಗಿದ್ದರೆ ಎಲ್ಲ ಕಡೆಯೂ ಹೊಸ ನಿದ್ರೆಯನ್ನೇ ಏಕೆ ತರಬಾರದು? ಅದು ಒಂದೇ ಏಟಿಗೆ ಆಗುವ ಕೆಲಸವಲ್ಲ. ನಡುವೆ ಎಚ್ಚರಗೊಂಡ ಪ್ರೋಗ್ರಾಂ ತಾನು ಹಿಡಿದಿದ್ದ ಬೀಗಗಳನ್ನೆಲ್ಲ ಬಿಟ್ಟುಕೊಟ್ಟೇ ಹೊರಬರಬೇಕು. ಕರ್ನಲ್‌ನ ಒಂದೊಂದು ಕಾಯುವ ಜಾಗವನ್ನೂ ಪರಿಶೀಲಿಸಿ ತಿದ್ದಬೇಕು. ಒಂದು ಬೀಗ ಮರೆತರೂ ಸತ್ತವನ ಹಿಂದೆ ಬದುಕಿದ್ದವರೂ ಸಿಕ್ಕಿಬೀಳುತ್ತಾರೆ.

ಅಲ್ಲಿಯವರೆಗೆ ಸರ್ವರ್ ನೋಡಿಕೊಳ್ಳುವವರಿಗೆ ಮುನ್ನೆಚ್ಚರಿಕೆಯೇ ದಾರಿ. ಹೆಪ್ಪುಗಟ್ಟಿಸುವ ಡಿಸ್ಕ್ ಒಂದಿರಲಿ, ಬ್ಯಾಕಪ್‌ನ ದಿನಚರಿ ಬರೆಯುವ ಡಿಸ್ಕ್ ಇನ್ನೊಂದಿರಲಿ.