ಗೋಡೆಯ ಮೇಲೊಂದು ಪತ್ರಿಕೆ

ಶಾಲೆಯ ಮಕ್ಕಳು ಬರೆಯುವ ಪ್ರಬಂಧಕ್ಕೆ ಸಾಮಾನ್ಯವಾಗಿ ಓದುಗರು ಒಬ್ಬರೇ. ಅವರೂ ಕೆಂಪು ಶಾಯಿಯಲ್ಲಿ ತಪ್ಪೆಣಿಸುವ ಉಪಾಧ್ಯಾಯರು. ಅಂಕ ಬಿದ್ದ ಮೇಲೆ ಆ ಪುಸ್ತಕವನ್ನು ಬರೆದವನೂ ತೆರೆದು ನೋಡುವುದಿಲ್ಲ. ಕೇಳುವವರಿಲ್ಲದೆಡೆ ಮಾತು ಹುಟ್ಟುವುದಾದರೂ ಹೇಗೆ? ಗೈಡು ನೋಡಿ ನಕಲು ಮಾಡುವ ಅಭ್ಯಾಸಕ್ಕೆ ಮಕ್ಕಳ ಸೋಮಾರಿತನಕ್ಕಿಂತ ಈ ಓದುಗರ ಅಭಾವವೇ ದೊಡ್ಡ ಕಾರಣ.

ಇದನ್ನು ಮನಗಂಡ ಅಧ್ಯಾಪಕರು ಬೆಂಗಳೂರಿನಲ್ಲಿಯೇ ಇದ್ದರು. ಸೆಂಟ್ರಲ್ ಕಾಲೇಜಿನ ಎ. ಆರ್. ಕೃಷ್ಣಶಾಸ್ತ್ರಿಗಳು ಅಲ್ಲಿ ಕರ್ನಾಟಕ ಸಂಘವನ್ನು ಕಟ್ಟಿ, 1919ರಲ್ಲಿ ‘ಪ್ರಬುದ್ಧ ಕರ್ನಾಟಕ’ವೆಂಬ ತ್ರೈಮಾಸಿಕವನ್ನು ಹೊರಡಿಸಿದರು. ಕಾಲೇಜುಗಳಲ್ಲಿ ಇಂಗ್ಲಿಷಿಗೇ ಅಗ್ರಪೀಠವಿದ್ದ ಕಾಲವದು. ಕನ್ನಡದಲ್ಲಿ ಬರೆದುದನ್ನು ಕಾಲೇಜಿನ ಹೊರಗಿನವರೂ ಓದುತ್ತಾರೆಂಬ ಭರವಸೆಯೇ ಹೊಸ ಬರಹಗಾರರಿಗೆ ಧೈರ್ಯವಾಯಿತು.

ಚಿಕ್ಕ ಮಕ್ಕಳಲ್ಲಿ ಇಂಥದೇ ಪ್ರಯೋಗ ನಡೆಸಿದವರು ಫ್ರಾನ್ಸಿನ ಹಳ್ಳಿಶಾಲೆಯ ಉಪಾಧ್ಯಾಯ ಸೆಲೆಸ್ತಾಂ ಫ್ರೆನೆ. ಮೊದಲನೆಯ ಮಹಾಯುದ್ಧದಲ್ಲಿ ಶ್ವಾಸಕೋಶಕ್ಕೆ ಗಾಯವಾಗಿ, ಗಂಟೆಗಟ್ಟಲೆ ಪಾಠ ಹೇಳುವ ಶಕ್ತಿ ಅವರಿಗಿರಲಿಲ್ಲ. 1924ರ ಸುಮಾರಿನಲ್ಲಿ ಅವರು ಪುಟ್ಟ ಮುದ್ರಣಯಂತ್ರವೊಂದನ್ನು ತರಗತಿಗೆ ತಂದರು. ಮಕ್ಕಳು ತಾವು ಕಂಡುದನ್ನು ಬರೆದು, ತಾವೇ ಅಚ್ಚುಮೊಳೆ ಜೋಡಿಸಿ, ದೂರದ ಶಾಲೆಯ ಮಕ್ಕಳಿಗೆ ಅಂಚೆಯಲ್ಲಿ ಕಳುಹಿಸಿದರು. ಅಪರಿಚಿತ ಗೆಳೆಯನಿಗೆ ಅರ್ಥವಾಗಬೇಕೆಂಬ ಆಸೆಯೇ ಅವರಿಗೆ ವ್ಯಾಕರಣ ಕಲಿಸಿತು.

ಇಂದಿನ ಉಪಾಧ್ಯಾಯರಿಗೆ ಮುದ್ರಣಯಂತ್ರವೂ ಬೇಕಿಲ್ಲ. ತಿಂಗಳಿಗೆರಡು ಬಾರಿ ದಪ್ಪ ಹಾಳೆಯೊಂದನ್ನು ಶಾಲೆಯ ಗೋಡೆಗೆ ಅಂಟಿಸಿದರೆ ಪತ್ರಿಕೆ ಸಿದ್ಧ. ಒಬ್ಬ ಬರೆಯಲಿ, ಇನ್ನೊಬ್ಬ ತಿದ್ದಲಿ, ಮತ್ತೊಬ್ಬ ದುಂಡಗೆ ಪ್ರತಿ ಮಾಡಲಿ, ಚಿತ್ರ ಬಲ್ಲವಳು ಚಿತ್ರ ಬರೆಯಲಿ. ಸಂಪಾದಕತ್ವ ಸರದಿಯಂತೆ ಎಲ್ಲರಿಗೂ ಬರಲಿ. ಯಲಹಂಕದ ಶಾಲೆಯ ಪತ್ರಿಕೆ ಯಶವಂತಪುರದ ಶಾಲೆಗೆ, ಅಲ್ಲಿಯದು ಇಲ್ಲಿಗೆ ಹೋದರೆ ಓದುಗರ ಬಳಗ ತಾನಾಗಿಯೇ ಬೆಳೆಯುತ್ತದೆ.

ಬರೆಯಲು ವಿಷಯಕ್ಕೇನು ಕೊರತೆ? 2018ರಲ್ಲಿ ಹೆಬ್ಬಾಳದಲ್ಲಿ ನೆಲ ಅಗೆಯುವಾಗ ಗಂಗರಾಜ ಶ್ರೀಪುರುಷನ ಕಾಲದ ವೀರಗಲ್ಲೊಂದು ದೊರೆಯಿತು. ಸುಮಾರು ಕ್ರಿ. ಶ. 750ರ ಆ ಶಾಸನ, ಕಾದಾಡಿ ಮಡಿದ ಕಿತ್ತಯ್ಯನೆಂಬ ವೀರನನ್ನು ಇಂದಿಗೂ ನೆನಪಿಸುತ್ತದೆ. ಓದುವವರಿರುತ್ತಾರೆಂಬ ನಂಬಿಕೆಯಿಂದಲೇ ಅಲ್ಲವೇ ಅದನ್ನು ಕಲ್ಲಿನಲ್ಲಿ ಕೊರೆದದ್ದು? ಕಿತ್ತಯ್ಯನ ಕಥೆ, ಯಲಹಂಕದ ಕೆರೆಯ ಹಕ್ಕಿಗಳು, ಆರ್. ಟಿ. ನಗರದ ಒಂದೇ ಬೀದಿಯಲ್ಲಿ ಕೇಳಿಬರುವ ಹಲವು ಭಾಷೆಗಳು—ಇವು ಯಾವ ಗೈಡಿನಲ್ಲಿಯೂ ಸಿಗುವುದಿಲ್ಲ; ಮಕ್ಕಳು ನೋಡಿ, ಕೇಳಿಯೇ ಬರೆಯಬೇಕು.

ಉಪಾಧ್ಯಾಯರು ಎಚ್ಚರ ವಹಿಸಬೇಕಾದ ಸಂಗತಿಯೊಂದಿದೆ. ಕಾಗುಣಿತದ ತಪ್ಪನ್ನು ತೋರಿಸಬೇಕು, ನಿಜ. ಆದರೆ ವಾಕ್ಯವನ್ನೆಲ್ಲ ತಾವೇ ಚೆಂದಗಾಣಿಸಹೊರಟರೆ ಗೋಡೆಯ ಮೇಲೆ ಉಳಿಯುವುದು ಉಪಾಧ್ಯಾಯರ ಬರಹ, ಮಗುವಿನದಲ್ಲ. ಹಾಗಾದ ಪತ್ರಿಕೆ ಮೂರನೆಯ ಸಂಚಿಕೆಗೇ ನಿಲ್ಲುತ್ತದೆ.

ತಂದೆತಾಯಿಗಳಿಗೂ ಇದರಲ್ಲಿ ಪಾಲುಂಟು. ಶಾಲೆಗೆ ಹೋದಾಗ ಅಂಕಪಟ್ಟಿ ಕೇಳುವ ಮೊದಲು ಆ ಗೋಡೆಯ ಮುಂದೆ ಐದು ನಿಮಿಷ ನಿಂತು ಓದಿದರೆ, ಮನೆಯಲ್ಲಿ ಎಂದೂ ಕೇಳದ ಮಗುವಿನ ಮಾತು ಅಲ್ಲಿ ಕೇಳಿಸೀತು.